ಧರ್ಮಪ್ಪಣ್ಣನ ನಾಲ್ಕು ದೇಶಗಳು

ಧರ್ಮಪ್ಪಣ್ಣನಿಗೆ ಹುಬ್ಬುಗಳಿರಲಿಲ್ಲ. ಹುಟ್ಟಿನಿಂದ ಇಲ್ಲದ್ದಲ್ಲ, ಸುಟ್ಟುಕೊಂಡದ್ದು. ಸೀಮೆಎಣ್ಣೆಯ ಬ್ಲೋಲ್ಯಾಂಪಿನ ಉರಿಯನ್ನು ಟ್ರ್ಯಾಕ್ಟರಿನ ಮೂತಿಗೆ ಹಿಡಿದು, ಅದು ಕೆಂಪಗೆ ಕಾಯುವವರೆಗೂ ಬಗ್ಗಿ ನೋಡುತ್ತ ಕೂರುವುದು ಅವರ ಅಭ್ಯಾಸ. ಒಂದು ಸಲ ಸುಟ್ಟವು, ಬೆಳೆಯುವಷ್ಟರಲ್ಲಿ ಮತ್ತೆ ಸುಟ್ಟವು, ಆಮೇಲೆ ಬೆಳೆಯುವ ಉಸಾಬರಿಯನ್ನೇ ಬಿಟ್ಟವು. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಯಾವುದು, ಸಂತೋಷ ಯಾವುದು ಎಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ದನಿ ಕೇಳಬೇಕು. ದನಿಯೋ, ಜೀವಮಾನವಿಡೀ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಹದಗೊಂಡದ್ದು. ಸಾವಿನ ಮನೆಯಲ್ಲಿ ಅವರು ಪಿಸುಗುಟ್ಟಿದರೂ ಅಂಗಳದಲ್ಲಿದ್ದವರು ತಿರುಗಿ ನೋಡುತ್ತಿದ್ದರು.

ಅವರು ಹೋಗಿ ಎರಡು ವರ್ಷವಾಗುತ್ತ ಬಂತು. ಈಗಲೂ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಫೋನ್ ಬಂದರೆ ನನ್ನ ಸೊಂಟ ತನ್ನಷ್ಟಕ್ಕೆ ನೋಯಲು ಶುರುವಾಗುತ್ತದೆ. "ಸತೀಶಾ, ಪಿಕಪ್ ಖಾಲಿ ಇದ್ಯಾ?" ಇದೇ ಅವರ ನಮಸ್ಕಾರ, ಇದೇ ಕುಶಲೋಪರಿ. ಖಾಲಿ ಇಲ್ಲ ಎಂದರೆ "ಯಾವಾಗ ಖಾಲಿ ಆಗ್ತದೆ?" ಎನ್ನುವರು. ಖಾಲಿ ಇದೆ ಎಂದರೆ ಆ ದಿನದ ನನ್ನ ವ್ಯಾಪಾರ ಮುಗಿದಂತೆ.

ನನ್ನದು ಕೊಪ್ಪದಲ್ಲಿ ಬಿಡಿಭಾಗಗಳ ಅಂಗಡಿ. ಬೋರ್ಡಿನಲ್ಲಿ ಟ್ರ್ಯಾಕ್ಟರ್ ಎಂದು ಬರೆಸಿದ್ದು ಶೋಭೆಗೆ. ನಡೆಯುವುದೆಲ್ಲ ಟಿಲ್ಲರಿನ ಬ್ಲೇಡು, ಔಷಧಿ ಹೊಡೆಯುವ ಪಂಪಿನ ವಾಷರು, ಕಳೆ ಹೊಡೆಯುವ ಮೆಷಿನ್ನಿನ ದಾರ. ಆ ಬೋರ್ಡನ್ನು ನಂಬಿ ಒಳಗೆ ಬಂದ ಒಬ್ಬನೇ ಗಿರಾಕಿ ಧರ್ಮಪ್ಪಣ್ಣ. ಬಂದವರು, ಯಾವ ಕಾಲದ್ದೋ ಏನೋ, ತುಕ್ಕು ಹಿಡಿದ ಒಂದು ಕಬ್ಬಿಣದ ಮುದ್ದೆಯನ್ನು ಮೇಜಿನ ಮೇಲಿಟ್ಟು, "ಇದ್ರದ್ದು ಹೊಸದು ಸಿಕ್ತದಾ?" ಎಂದರು. ಇದು ಎಂತದ್ದು ಎಂದು ಕೇಳಿದೆ. ಅದೇ ನಾನು ಮಾಡಿದ ತಪ್ಪು. ಮಧ್ಯಾಹ್ನದ ಊಟದ ಹೊತ್ತಿನವರೆಗೂ ಹೇಳಿದರು.

ಮಲೆನಾಡಿಗೆ ಟ್ರ್ಯಾಕ್ಟರ್ ಬಂದದ್ದೇ ಒಂದು ತಪ್ಪು ಅಂದಾಜಿನಿಂದ. ನಮ್ಮ ಗದ್ದೆಗಳು ಮೆಟ್ಟಿಲು ಮೆಟ್ಟಿಲು. ಟ್ರ್ಯಾಕ್ಟರನ್ನು ತಿರುಗಿಸುವಷ್ಟರಲ್ಲಿ ಗದ್ದೆಯೇ ಮುಗಿದಿರುತ್ತದೆ. ಆದರೂ ಒಂದು ಕಾಲದಲ್ಲಿ, ವಿದೇಶದ ಟ್ರ್ಯಾಕ್ಟರುಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದ ದಿನಗಳಲ್ಲಿ, ಕೈಯಲ್ಲಿ ನಾಲ್ಕು ಕಾಸಿದ್ದ ಕೆಲವು ಮನೆಗಳು ಬಯಲುಸೀಮೆಯವರನ್ನು ನೋಡಿ ತಾವೂ ತರಿಸಿದವು. ಅವು ಉತ್ತದ್ದು ಕಡಿಮೆ. ಕಲ್ಲು ಹೊತ್ತವು, ಮರ ಎಳೆದವು, ಬೆಲ್ಟು ಹಾಕಿಸಿಕೊಂಡು ಅಕ್ಕಿ ಗಿರಣಿ ತಿರುಗಿಸಿದವು, ಮದುವೆ ದಿಬ್ಬಣವನ್ನೂ ಸಾಗಿಸಿದವು. ಒಂದು ಭಾಗ ಮುರಿದರೆ ತರಿಸುವ ದಾರಿಯಿರಲಿಲ್ಲ. ಎಲ್ಲಿ ಕೆಟ್ಟವೋ ಅಲ್ಲೇ ನಿಂತವು. ಟಿಲ್ಲರ್ ಬಂತು, ಜೀಪು ಬಂತು, ಇವುಗಳ ಮೇಲೆ ಲಂಟಾನದ ಮುಳ್ಳುಪೊದೆ ಹಬ್ಬಿತು.

ಧರ್ಮಪ್ಪಣ್ಣ ಹರೆಯದಲ್ಲಿ ಬಸರೀಕಟ್ಟೆ ಕಡೆಯ ಒಂದು ಎಸ್ಟೇಟಿನಲ್ಲಿ ಇಂಥದ್ದೇ ಒಂದು ಟ್ರ್ಯಾಕ್ಟರಿನ ಡ್ರೈವರಾಗಿದ್ದರು. ಆ ಟ್ರ್ಯಾಕ್ಟರನ್ನು ಗುಜರಿಯವರು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಹೊತ್ತುಕೊಂಡು ಹೋದದ್ದನ್ನು ಕಣ್ಣಾರೆ ಕಂಡವರು. "ನಾಕು ದಿನ ಊಟ ಬಿಟ್ಟಿದ್ದೆ ಮಾರಾಯ" ಎಂದು ಹೇಳುವಾಗಲೆಲ್ಲ ಒಳಗಿನಿಂದ ಅವರ ಹೆಂಡತಿ ಲಲಿತಕ್ಕ, "ಅನ್ನ ಬಿಟ್ಟಿದ್ರು, ಕಡುಬು ಬಿಡ್ಲಿಲ್ಲ" ಎನ್ನುತ್ತಿದ್ದರು. ಆಮೇಲೆ ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯಲ್ಲಿ ಸ್ವಂತ ಅಕ್ಕಿ ಗಿರಣಿ ನಡೆಸಿದರು. ಗಿರಣಿಗೆ ಭತ್ತ ಬರುವುದು ನಿಂತ ಮೇಲೆ ಗೋದಾಮು ಖಾಲಿಯಾಯಿತು. ಖಾಲಿಯಾದ ಗೋದಾಮಿಗೆ ಒಂದೊಂದಾಗಿ ಹಳೆಯ ಟ್ರ್ಯಾಕ್ಟರುಗಳು ಬಂದು ಸೇರಿದವು. ಜರ್ಮನಿಯದ್ದು, ರಷ್ಯದ್ದು, ಜೆಕ್ ದೇಶದ್ದು, ರುಮೇನಿಯದ್ದು.

ಕಂಪನಿಯ ಹೆಸರನ್ನು ಅವರು ಬಾಯಲ್ಲಿ ತರುತ್ತಿರಲಿಲ್ಲ. ದೇಶದ ಹೆಸರೇ ಟ್ರ್ಯಾಕ್ಟರಿನ ಹೆಸರು. ಬಾಳಗಡಿಯ ಹೋಟೆಲಿನಲ್ಲಿ ಕೂತು, "ಜರ್ಮನಿ ನಿನ್ನೆ ಎರಡು ಸಲ ಒದೀತು, ಇವತ್ತು ರಷ್ಯದ ಹೊಟ್ಟೆ ಬಿಚ್ಚದು" ಎಂದು ಅಬ್ಬರಿಸಿದರೆ, ಪಕ್ಕದ ಮೇಜಿನ ಕಾಲೇಜು ಮಕ್ಕಳು ದೋಸೆ ತಿನ್ನುವುದನ್ನು ನಿಲ್ಲಿಸಿ ಇವರ ಮುಖ ನೋಡುತ್ತಿದ್ದರು. ಲಲಿತಕ್ಕ ಮಾತ್ರ, "ನಂಗೆ ಗಂಡ ಒಬ್ರು, ಸವತಿಯರು ನಾಕು ಜನ. ಒಬ್ಬಳಿಗೂ ಪಾತ್ರೆ ತೊಳೆಯಕ್ಕೆ ಬರಲ್ಲ" ಎಂದು ನಗುತ್ತಿದ್ದರು.

ಹಳೆಯ ಟ್ರ್ಯಾಕ್ಟರ್ ಕೂಡಿಡುವವರು ಬೇರೆ ಕಡೆಯೂ ಇದ್ದಾರೆ. ಅವರೆಲ್ಲ ಒಂದು ಬೋಲ್ಟಿಗಾಗಿ ಊರೂರು ಅಲೆದು, ಗಾಡಿಯನ್ನು ಹುಟ್ಟಿದಾಗ ಹೇಗಿತ್ತೋ ಹಾಗೇ ಪೂರ್ತಿ ಮಾಡುತ್ತಾರೆ. ಧರ್ಮಪ್ಪಣ್ಣನದು ಉಲ್ಟಾ. ನಮ್ಮ ಕಡೆ ದನ ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯ ಹಗ್ಗ ಕೊಟ್ಟಿಗೆಯಲ್ಲೇ ಉಳಿಯಬೇಕು. ಹಗ್ಗ ಉಳಿದರೆ ಕೊಟ್ಟಿಗೆಗೆ ಮತ್ತೆ ದನ ಬರುತ್ತದೆ, ಹಗ್ಗವೂ ಹೋದರೆ ಕೊಟ್ಟಿಗೆ ಬರಿದಾಗುತ್ತದೆ ಎಂದು ನಂಬಿಕೆ. ಈ ಪದ್ಧತಿಯನ್ನು ಧರ್ಮಪ್ಪಣ್ಣ ಟ್ರ್ಯಾಕ್ಟರಿಗೂ ಹಚ್ಚಿದ್ದರು. ಯಾವ ಮನೆಯಿಂದ ಟ್ರ್ಯಾಕ್ಟರ್ ತಂದರೂ ಅದರ ಒಂದು ಭಾಗವನ್ನು ಬಿಚ್ಚಿ ಆ ಮನೆಯಲ್ಲೇ ಬಿಟ್ಟು ಬರುವರು. ಯಾವ ಭಾಗ ಎನ್ನುವುದನ್ನು ಮನೆಯವರೇ ಆರಿಸಬೇಕು. ಹೀಗಾಗಿ ಶೃಂಗೇರಿ ಕಡೆಯ ಮನೆಯಲ್ಲಿ ರಷ್ಯದ ಹೆಡ್‌ಲೈಟು ಉಳಿಯಿತು. ಬಸರೀಕಟ್ಟೆ ಹತ್ತಿರ ರುಮೇನಿಯದ ಟೂಲ್‌ಬಾಕ್ಸು ಉಳಿಯಿತು. ಜೆಕ್ಕಿನ ಸೀಟು ಇನ್ನೆಲ್ಲೋ. ನಾಲ್ಕು ದೇಶಗಳಲ್ಲಿ ಒಂದೂ ಪೂರ್ತಿ ಇರಲಿಲ್ಲ. ನಾನು ಬೇಡ ಎಂದು ಹೇಳಿ ಹೇಳಿ ಸೋತೆ.

"ಮನುಷ್ಯರು ಜೀವ ಸವೆಸಿ ದುಡಿಸ್ಕಂಡಿದ್ದು ಸತೀಶಾ. ಪೂರಾ ಹೊತ್ಕಂಡು ಬರಕ್ಕೆ ನಾವೇನು ಗುಜರಿಯವ್ರಾ?" ಎನ್ನುತ್ತಿದ್ದರು.

ಜರ್ಮನಿಯನ್ನು ತಂದದ್ದು ಬಾಳೆಹೊನ್ನೂರಿನ ಹತ್ತಿರದ ಗಿರಿಜಮ್ಮನವರ ಮನೆಯಿಂದ. ಅವರ ಯಜಮಾನರು ಇದ್ದಾಗ ಅದನ್ನು ತರಿಸಿದ್ದರಂತೆ. ಅವರು ತೀರಿಕೊಂಡ ಮೇಲೆ ಕಣದ ಮೂಲೆಯಲ್ಲಿ ಬಿದ್ದಿತ್ತು. ಒಂದೇ ಸಿಲಿಂಡರಿನ ಆನೆಯಂಥ ಗಾಡಿ. ಅದನ್ನು ಎಬ್ಬಿಸುವ, ಅಂದರೆ ಸ್ಟಾರ್ಟ್ ಮಾಡುವ, ಕ್ರಮವೇ ಬೇರೆ. ಮೊದಲು ಮೂತಿಯನ್ನು ಬ್ಲೋಲ್ಯಾಂಪಿನಲ್ಲಿ ಕಾಯಿಸಬೇಕು. ಆಮೇಲೆ ಸ್ಟೇರಿಂಗ್ ಚಕ್ರವನ್ನು ಅದರ ಸರಳಿನ ಸಮೇತ ಎಳೆದು ತೆಗೆದು, ಇಂಜಿನ್ನಿನ ಪಕ್ಕದ ದೊಡ್ಡ ಗಾಲಿಗೆ ಚುಚ್ಚಿ, ಆ ಕಡೆ ಈ ಕಡೆ ತೂಗಿ ಒಮ್ಮೆ ಜೋರಾಗಿ ತಿರುಗಿಸಬೇಕು. ಅಂದರೆ ಆ ಚಕ್ರ ಬರೀ ದಾರಿ ತಿರುಗಿಸುವ ಚಕ್ರವಲ್ಲ, ಅದೇ ಬೀಗದ ಕೈ.

"ಎಲ್ಲಾ ತಗಂಡು ಹೋಗಿ. ಜಾಗ ಖಾಲಿ ಆದ್ರೆ ಸಾಕು" ಎಂದರು ಗಿರಿಜಮ್ಮ.

"ಹಂಗೆಲ್ಲ ಆಗಲ್ಲ ಅಮ್ಮ. ಒಂದು ನೀವು ಇಟ್ಕಳ್ಬೇಕು" ಎಂದರು ಧರ್ಮಪ್ಪಣ್ಣ.

ಆಕೆ ಸುಮ್ಮನೆ ಸುತ್ತ ನೋಡಿದರು. "ಹಂಗಾದ್ರೆ ಆ ಚಕ್ರ ಇಟ್ಕಳ್ತೀನಿ. ನಮ್ಮನೆಯವರು ದಿನಾ ಹಿಡ್ಕಂತಿದ್ದಿದ್ದು ಅದ್ನೇ."

ಅದೊಂದು ಬಿಟ್ಟು ಬೇರೆ ಏನಾದರೂ ಕೇಳಿ ಎಂದು ನಾನು ಬಾಯಿ ತೆರೆದೆ. ಧರ್ಮಪ್ಪಣ್ಣ ನನ್ನ ಕಾಲು ತುಳಿದರು. ಚಕ್ರವನ್ನು ಪಂಚೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಆಕೆಗೆ ಕೊಟ್ಟರು. ಜರ್ಮನಿಯನ್ನು ಒಂದು ಲಾರಿಗೆ ಏರಿಸಿ, ಪಿಕಪ್ಪಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಬೈದೆ. ಅವರು ಸೀಟಿನಲ್ಲಿ ಆರಾಮಾಗಿ ನಿದ್ದೆ ಮಾಡಿದರು. ಕೊನೆಗೆ ಹಳೆಯ ಜೀಪಿನ ಸ್ಟೇರಿಂಗ್ ಚಕ್ರವೊಂದನ್ನು ಬೆಸುಗೆ ಹಾಕಿಸಿ, ಎಬ್ಬಿಸಲು ಲೇತಿನಲ್ಲಿ ಒಂದು ಸಲಾಕೆ ಮಾಡಿಸಿ ಕೊಟ್ಟವನು ನಾನೇ. ಬೈದವನೇ ಕೆಲಸ ಮಾಡಬೇಕೆನ್ನುವುದು ಅವರ ಇನ್ನೊಂದು ಪದ್ಧತಿ.

ಆ ಜರ್ಮನಿಗೆ ಒಂದು ದುರಭ್ಯಾಸವಿತ್ತು. ಒಮ್ಮೊಮ್ಮೆ ಅದರ ಇಂಜಿನ್ನು ಉಲ್ಟಾ ತಿರುಗಲು ಶುರು ಮಾಡುತ್ತಿತ್ತು. ಸದ್ದು ಅದೇ, ಕುಣಿತ ಅದೇ, ಗೇರು ಹಾಕಿದಾಗಲೇ ಗೊತ್ತಾಗುವುದು. ನರಸಿಂಹರಾಜಪುರದಲ್ಲಿ ಒಂದು ಕೃಷಿ ಮೇಳ. ಇವರ ಟ್ರ್ಯಾಕ್ಟರನ್ನು ಮೆರವಣಿಗೆಯ ಮುಂದೆ ಬಿಡುವುದೆಂದು ತೀರ್ಮಾನವಾಗಿತ್ತು. ಕೃಷಿ ಇಲಾಖೆಯ ಸಾಹೇಬರು ಹಸಿರು ಬಾವುಟ ಬೀಸಿದರು. ಧರ್ಮಪ್ಪಣ್ಣ ಹೊಸ ಶರ್ಟು ಹಾಕಿಕೊಂಡು, ಎದೆಯುಬ್ಬಿಸಿ ಒಂದನೇ ಗೇರು ಹಾಕಿದರು. ಜರ್ಮನಿ ಗಂಭೀರವಾಗಿ ಹಿಂದಕ್ಕೆ ಹೊರಟಿತು. ಹಿಂದೆ ಶಾಮಿಯಾನ, ಶಾಮಿಯಾನದ ಕೆಳಗೆ ಮಜ್ಜಿಗೆಯ ಹಂಡೆಗಳು. ಜನ ಓಡಿದರು, ಹಂಡೆಗಳು ಉರುಳಿದವು, ಯಾರಿಗೂ ಪೆಟ್ಟಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಂಜಿನ್ ನಿಲ್ಲಿಸಿ ತಲೆ ತಗ್ಗಿಸಿ ಇಳಿಯುತ್ತಿದ್ದರು. ಇವರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಕಾಯಿಸಿ ಎಬ್ಬಿಸಬೇಕಲ್ಲ! ಶಾಂತವಾಗಿ ರಿವರ್ಸ್ ಗೇರು ಹಾಕಿದರು. ಟ್ರ್ಯಾಕ್ಟರ್ ಮುಂದಕ್ಕೆ ಬಂತು. ಇಡೀ ಪೇಟೆ ಬೀದಿಯನ್ನು ರಿವರ್ಸ್ ಗೇರಿನಲ್ಲೇ ಮುಂದಕ್ಕೆ ಹೋಗಿ, ಶಾಮಿಯಾನದ ಒಂದು ತುಂಡನ್ನು ಹಿಂದೆ ಎಳೆದುಕೊಂಡೇ ಮೆರವಣಿಗೆ ಮುಗಿಸಿದರು. ಅಷ್ಟು ಹೊತ್ತೂ ಮಜ್ಜಿಗೆಯವನಿಗೆ ಸಮಾಧಾನ ಹೇಳುತ್ತ ನಿಂತಿದ್ದವನು ನಾನು.

"ಬೇಜಾರು ಮಾಡ್ಕಬೇಡ. ಹಿಂದಕ್ಕೆ ಹೋಗದೂ ಒಂದು ಹೋಗದೇ ಅಲ್ದಾ?" ಎಂದು ಆ ಸಂಜೆ ನನ್ನ ಬೆನ್ನು ತಟ್ಟಿದರು. ಆ ದಿನ ಯಾರೋ ಫೋನಿನಲ್ಲಿ ವಿಡಿಯೋ ಮಾಡಿಕೊಂಡದ್ದು ಊರೆಲ್ಲ ಓಡಾಡಿತು. ಊರು ನಕ್ಕಿತು, ಇವರೂ ನಕ್ಕರು.

ಹೀಗೇ ನಡೆಯುತ್ತದೆ ಎಂದುಕೊಂಡಿದ್ದೆವು. ಆದರೆ ಒಂದು ದಿನ ಸಲಾಕೆ ತಿರುಗಿಸುವಾಗ ಜರ್ಮನಿ ಹಿಂದಕ್ಕೆ ಒದ್ದದ್ದರಲ್ಲಿ ಧರ್ಮಪ್ಪಣ್ಣನ ಬಲ ಭುಜ ಜಾರಿತು. ಆ ವಯಸ್ಸಿಗೆ ಜಾರಿದ ಭುಜ ಸರಿಯಾಗಿ ಕೂರುವುದಿಲ್ಲ. ಮಂಡಿಗಳು ಮೊದಲೇ ಹೋಗಿದ್ದವು. ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ನಾಲ್ಕು ದೇಶಗಳನ್ನು ನೋಡುತ್ತಿದ್ದರು. ತಿಂಗಳಿಗೊಮ್ಮೆ ನಾನು ಹೋಗಿ ಒಂದೊಂದನ್ನೇ ಎಬ್ಬಿಸುತ್ತಿದ್ದೆ. ನನಗೂ ಆಗುತ್ತಿರಲಿಲ್ಲ. ಅಂಗಡಿ ಮುಚ್ಚಿ ಹೋಗಬೇಕು, ಮೈಯೆಲ್ಲ ಕರಿ ಎಣ್ಣೆ, ಮರುದಿನ ಸೊಂಟ ಏಳಗೊಡುವುದಿಲ್ಲ. ಜರ್ಮನಿಯನ್ನಂತೂ ಎಬ್ಬಿಸುವ ಧೈರ್ಯವೇ ಆಗಲಿಲ್ಲ. ಅದು ಹಾಗೇ ನಿಂತಿತು.

ರಸ್ತೆಯಲ್ಲಿ ಗುಜರಿ ಗಾಡಿ ಮೈಕಿನಲ್ಲಿ ಕೂಗುತ್ತ ಹೋಗುತ್ತಿತ್ತು. ಅದು ಗೋದಾಮಿನ ಮುಂದೆ ನಿಧಾನವಾದರೆ ಧರ್ಮಪ್ಪಣ್ಣ ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಒಂದು ದಿನ ನೇರವಾಗಿಯೇ ಹೇಳಿದರು.

"ನಾನು ಹೋದ ಮಾರನೇ ದಿನ ಅವ್ನು ಇಲ್ಲಿ ನಿಂತಿರ್ತಾನೆ ಸತೀಶಾ. ಲಲಿತ ಒಬ್ಳೇ ಎಂತ ಮಾಡ್ತಾಳೆ? ನಾನಿರಾಗ್ಲೇ ಇವನ್ನ ಓಡ್ಸೋರ ಕೈಗೆ ಕೊಡ್ಬೇಕು. ನೀನು ಇಟ್ಕಳ್ತೀಯಾ?"

"ಇಲ್ಲ ಧರ್ಮಪ್ಪಣ್ಣ, ನಂಗೆ ಆಗಲ್ಲ" ಎಂದೆ.

"ಗೊತ್ತಿತ್ತು. ಆಗ್ತದೆ ಅಂತ ಸುಳ್ಳು ಹೇಳಿದ್ರೆ ಬೇಜಾರಾಗ್ತಿತ್ತು" ಎಂದರು. ಆಮೇಲೆ ಇಬ್ಬರೂ ಕಾಫಿ ಕುಡಿದೆವು.

ಮೇಳದ ಆ ವಿಡಿಯೋ ಎಲ್ಲೆಲ್ಲಿಗೋ ಹೋಗಿ, ಕೊಯಮತ್ತೂರು ಕಡೆಯ ಒಬ್ಬರ ಕಣ್ಣಿಗೆ ಬಿತ್ತು. ಅವರ ಹತ್ತಿರ ಇಂಥವೇ ಹಲವು ಟ್ರ್ಯಾಕ್ಟರುಗಳಿವೆ, ರಿಪೇರಿಗೆ ಜನ ಇದ್ದಾರೆ, ಎಲ್ಲವನ್ನೂ ಓಡಿಸುತ್ತಲೇ ಇರುತ್ತಾರೆ. ಬಂದು ನೋಡಿದರು. ಮೆಲುಮಾತಿನ ಮನುಷ್ಯ. ಕರ್ನಾಟಕದ ಗಡಿಯಲ್ಲಿ ಬೆಳೆದವರಾದ್ದರಿಂದ ಕನ್ನಡ ಬರುತ್ತಿತ್ತು. ನಾಲ್ಕನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೇನೆ, ಒಂದನ್ನೂ ಬಿಚ್ಚಿ ಮಾರುವುದಿಲ್ಲ ಎಂದರು. ಹೆಡ್‌ಲೈಟು, ಟೂಲ್‌ಬಾಕ್ಸು ಇಲ್ಲದಿದ್ದರೂ ಚಿಂತೆಯಿಲ್ಲ, ಆದರೆ ಜರ್ಮನಿಯ ಮೂಲ ಚಕ್ರ ಮಾತ್ರ ಬೇಕೇ ಬೇಕು. ಜೀಪಿನ ಚಕ್ರ ಹಾಕಿದ ಗಾಡಿಯನ್ನು ನನ್ನ ಶೆಡ್ಡಿನಲ್ಲಿ ನಿಲ್ಲಿಸುವುದಿಲ್ಲ ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಧರ್ಮಪ್ಪಣ್ಣ ಒಂದು ವಾರ ಗೋದಾಮಿನ ಬಾಗಿಲು ಬಿಟ್ಟು ಕದಲಲಿಲ್ಲ. "ಬಿಟ್ಟು ಬಂದ ಹಗ್ಗನ ವಾಪಸ್ ಕೇಳದು ಹೆಂಗೆ?" ಎಂದು ಲಲಿತಕ್ಕನ ಹತ್ತಿರ ಒಂದೇ ಸಲ ಅಂದರಂತೆ. ಕೇಳದಿದ್ದರೆ ಜರ್ಮನಿ ಗುಜರಿಗೆ. ಕೇಳಿದರೆ ಇಷ್ಟು ವರ್ಷ ಹೇಳಿಕೊಂಡು ಬಂದ ಮಾತು ನೀರುಪಾಲು. ಎಂಟನೇ ದಿನ ಬೆಳಿಗ್ಗೆ ಫೋನ್ ಬಂತು. "ಪಿಕಪ್ ಖಾಲಿ ಇದ್ಯಾ?"

ನೇರ ಗಿರಿಜಮ್ಮನ ಮನೆಗೆ ಹೋಗುವ ಧೈರ್ಯ ಅವರಿಗಿರಲಿಲ್ಲ. ಬೇರೆ ಮನೆಗಳಲ್ಲಿ ಕೇಳಿ ಅಭ್ಯಾಸ ಮಾಡಿಕೊಳ್ಳೋಣ ಎಂಬಂತೆ ಮೊದಲು ಶೃಂಗೇರಿ ದಾರಿ ಹಿಡಿಸಿದರು. ಅಲ್ಲಿ ಹಳೆಯ ಮನೆಯೇ ಇರಲಿಲ್ಲ, ಹೊಸ ಆರ್‌ಸಿಸಿ ಮನೆ ಎದ್ದಿತ್ತು. "ಹೆಡ್‌ಲೈಟಾ? ಮನೆ ಕಟ್ಟಾಗ ಎಲ್ಲಾ ಗುಜರಿಗೆ ಹಾಕಿದ್ವಿ. ಅದ್ನ ಇಟ್ಕಬೇಕಿತ್ತಾ?" ಎಂದು ಯಜಮಾನ ನಿಜವಾಗಿಯೇ ಆಶ್ಚರ್ಯಪಟ್ಟ. ಬಸರೀಕಟ್ಟೆಯಲ್ಲಿ ರುಮೇನಿಯದ ಟೂಲ್‌ಬಾಕ್ಸು ಸಿಕ್ಕಿತು. ಅದರೊಳಗೆ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸಿದ್ದರು. ಧರ್ಮಪ್ಪಣ್ಣ ಬಗ್ಗಿ ನೋಡಿದರು. ಕೋಳಿ ಕುಕ್ಕಲು ಬಂತು. "ಕೂತ್ಕಳ್ಲಿ ಬಿಡಿ" ಎಂದು ಎದ್ದರು. ಬಿಟ್ಟು ಬಂದದ್ದನ್ನು ಎಲ್ಲರ ಮನೆಯಲ್ಲೂ ದೇವರ ಪಕ್ಕ ಇಟ್ಟಿರುತ್ತಾರೆ ಎಂದು ಅವರು ನಂಬಿದ್ದರೋ ಏನೋ.

ಬಾಳೆಹೊನ್ನೂರು ಮುಟ್ಟುವಾಗ ಸಂಜೆಯಾಗಿತ್ತು. ಗಿರಿಜಮ್ಮ ಜಗಲಿಯಲ್ಲಿ ಕಾಳುಮೆಣಸು ಆರಿಸುತ್ತಿದ್ದರು. ಧರ್ಮಪ್ಪಣ್ಣ ಹವಾಮಾನ ಮಾತಾಡಿದರು, ಕಾಫಿ ರೇಟು ಮಾತಾಡಿದರು, ಎರಡು ಲೋಟ ನೀರು ಕುಡಿದರು. ಕೊನೆಗೆ ಚಕ್ರದ ವಿಷಯ ನಾನೇ ಹೇಳಿದೆ.

ಗಿರಿಜಮ್ಮ ಮೊರ ಕೆಳಗಿಟ್ಟರು. "ಚಕ್ರ ಬೇಕಾ? ಅಯ್ಯೋ ತಗಂಡು ಹೋಗಿ ಮಾರಾಯ್ರೆ! ನಾನು ಅವತ್ತೇ ಎಲ್ಲಾ ತಗಂಡು ಹೋಗಿ ಅಂದಿದ್ದೆ. ಇಟ್ಕಳಿ ಇಟ್ಕಳಿ ಅಂತ ಜೀವ ತಿಂದೋರು ನೀವು. ಎಲ್ಲಿ ಇಟ್ರೂ ಕಾಲಿಗೆ ಎಡವ್ತದೆ. ಆಯುಧಪೂಜೆ ಬಂದ್ರೆ ಅದಕ್ಕೊಂದು ತೊಳೆಯ ಕೆಲಸ. ಸೊಸೆ ಒಂದ್ಸಲ ಬಿಸಾಡಕ್ಕೆ ಹೋಗಿದ್ಲು, ಬೈದು ತರ್ಸಿದ್ದೀನಿ." ಹೇಳುತ್ತಲೇ ಒಳಗೆ ಹೋಗಿ ಚಕ್ರ ತಂದರು. ಅದಕ್ಕೆ ಎಲ್ಲೂ ತುಕ್ಕಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಕಪ್ಪಗೆ ಮಿನುಗುತ್ತಿತ್ತು.

ಧರ್ಮಪ್ಪಣ್ಣ ಎಡಗೈಯಲ್ಲಿ ಇಸಿದುಕೊಂಡರು. ಬಲಗೈ ಮೇಲೇಳುತ್ತಿರಲಿಲ್ಲ.

"ಅಲ್ಲಿ ಓಡ್ಸ್ತಾರಾ?" ಎಂದರು ಗಿರಿಜಮ್ಮ.

"ಓಡ್ಸ್ತಾರೆ ಅಮ್ಮ."

"ಹಂಗಾದ್ರೆ ಆತು ಬಿಡಿ" ಎಂದು ಮತ್ತೆ ಮೊರ ತೊಡೆಯ ಮೇಲಿಟ್ಟುಕೊಂಡರು. ತಲೆಯೆತ್ತಿ ನಮ್ಮನ್ನು ಕಳಿಸಿಕೊಡಲಿಲ್ಲ. ಮೆಣಸಿನ ಮೇಲೆ ಬೆರಳು ಆಡುತ್ತಿತ್ತು, ಒಂದು ಕಾಳನ್ನೂ ಆರಿಸಲಿಲ್ಲ.

ಲಾರಿಗಳು ಬಂದದ್ದು ಒಂದು ಭಾನುವಾರ. ಕೊಯಮತ್ತೂರಿನವರು ತಮ್ಮ ಇಬ್ಬರು ಮೆಕ್ಯಾನಿಕ್ಕುಗಳನ್ನು ಕರೆತಂದಿದ್ದರು. ಅವರು ಜರ್ಮನಿಯ ಮೂತಿ ಕಾಯಿಸಿ, ಗಿರಿಜಮ್ಮನ ಚಕ್ರವನ್ನು ಚುಚ್ಚಿ ಒಂದೇ ತಿರುವಿಗೆ ಎಬ್ಬಿಸಿದರು. ಗೋದಾಮಿನ ತಗಡೆಲ್ಲ ನಡುಗಿತು. ಧರ್ಮಪ್ಪಣ್ಣ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದರು. ನಾಲ್ಕೂ ತಮ್ಮ ಕಾಲ ಮೇಲೇ ಲಾರಿ ಹತ್ತಿದವು. ಯಾವುದನ್ನೂ ಎಳೆದು ಹತ್ತಿಸಬೇಕಾಗಲಿಲ್ಲ.

ಹಗ್ಗದ ಪದ್ಧತಿಯನ್ನು ನಾನು ಕೊಯಮತ್ತೂರಿನವರಿಗೆ ಮೊದಲೇ ಹೇಳಿದ್ದೆ. ಅವರು ಅದನ್ನು ಮರೆತಿರಲಿಲ್ಲ. ಲಾರಿ ಹೊರಡುವ ಮೊದಲು ಧರ್ಮಪ್ಪಣ್ಣನ ಮುಂದೆ ಬಂದು ನಿಂತು, ಕೈ ಕಟ್ಟಿಕೊಂಡು ಕೇಳಿದರು. "ನೀವು ಯಾವುದು ಇಟ್ಟುಕೊಳ್ಳುತ್ತೀರಿ ಹೇಳಿ. ಬಿಚ್ಚಿಸಿ ಕೊಡುತ್ತೇನೆ. ಆ ಚಕ್ರ ಬೇಕೆಂದರೆ ಅದನ್ನೇ ಕೊಡುತ್ತೇನೆ, ನಾನು ಬೇರೆ ಮಾಡಿಸಿಕೊಳ್ಳುತ್ತೇನೆ."

ಮೆಕ್ಯಾನಿಕ್ಕು ಆಗಲೇ ಸ್ಪ್ಯಾನರ್ ಕೈಗೆತ್ತಿಕೊಂಡಿದ್ದ. ಲಲಿತಕ್ಕ ಬಾಗಿಲಿಗೆ ಬಂದು, "ಏನಾದ್ರೂ ಒಂದು ಇಟ್ಕಳಿ ಅಂದ್ರೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಧರ್ಮಪ್ಪಣ್ಣ ಎದ್ದರು. ನನ್ನ ಹೆಗಲು ಹಿಡಿದುಕೊಂಡು ಲಾರಿಗಳ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಕೈಗೆಟುಕಿದ ಟೈರುಗಳನ್ನು ಮುಟ್ಟಿದರು.

"ಎಂತದೂ ಬ್ಯಾಡ" ಎಂದರು.

"ಧರ್ಮಪ್ಪಣ್ಣ, ನೀವೇ ಮಾಡಿದ ಪದ್ಧತಿ" ಎಂದೆ ನಾನು.

"ಅದಕ್ಕೇ ಬ್ಯಾಡ ಅಂದಿದ್ದು. ಹಗ್ಗ ಉಳಿಸ್ಕಳದು ಎಂತಕ್ಕೆ? ಕೊಟ್ಟಿಗೆಗೆ ಮತ್ತೆ ದನ ಬರ್ಲಿ ಅಂತ. ನಂಗೆ ಸಾಕು ಮಾರಾಯ. ಇನ್ನು ಯಾವ್ದೂ ಬರದು ಬ್ಯಾಡ."

ಲಾರಿಗಳು ಹೋದವು. ಬಿಸಿಲಲ್ಲಿ ನಿಂತು ಅವರಿಗೆ ಏದುಸಿರು ಬರುತ್ತಿತ್ತು. ಕುರ್ಚಿಯಲ್ಲಿ ಕೂರಿಸಿ, ಗೋದಾಮಿನ ದೊಡ್ಡ ಬಾಗಿಲನ್ನು ನಾನೊಬ್ಬನೇ ಎಳೆದು ಮುಚ್ಚಿದೆ. ಒಳಗೆ ಬರೀ ಎಣ್ಣೆಯ ಕಲೆಗಳು. ಬೀಗ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ.

"ಬೀಗ ಎಂತಕ್ಕೆ ಈಗ?" ಎಂದರು ಧರ್ಮಪ್ಪಣ್ಣ. "ಹೋಗು, ಅಂಗಡಿ ತೆಗಿ. ನಿನ್ನ ಪಿಕಪ್ ಇನ್ನು ಖಾಲಿನೇ."